ಡಬಲ್ ವಿಸಿಲ್ ಹಕ್ಕಿ

ನೀವು ಯಾವತ್ತಾದರೂ ಒದ್ದೆ ನಾಯಿಯನ್ನು ಮೂಸಿ ನೋಡಿದ್ದೀರಾ? ಇಲ್ಲ ಎಂದು ಮುಖ ಸಿಂಡರಿಸಬೇಡಿ. ನಾಯಿಗಳು ನಿಮ್ಮನ್ನು ಎಷ್ಟು ಸಲ ಮೂಸಿವೆ, ಅವುಗಳಲ್ಲಿ ಒಂದಾದರೂ ಮುಖ ಸಿಂಡರಿಸಿದ್ದುಂಟೆ?

ಮೊನ್ನೆ ಮೊಮ್ಮಗಳು ಕಾಪು ಪೇಟೆಯಿಂದ ಬರುವಾಗ ಒಂದು ನಾಯಿಮರಿಯನ್ನು ಎತ್ತಿಕೊಂಡು ಬಂದಳು. ಬೇಸಗೆಯ ಕೊನೆಯಲ್ಲಿ ಹತ್ತು ನಿಮಿಷ ಬಿದ್ದು, ತಪ್ಪಾಯಿತು ಎಂಬಂತೆ ನಿಂತುಬಿಡುವ ಮಳೆ ಇರುತ್ತದಲ್ಲ, ಅದರಲ್ಲಿ ಇಬ್ಬರೂ ನೆನೆದಿದ್ದರು. ಮರಿ ಸೀದಾ ನನ್ನ ಕುರ್ಚಿಯ ಕೆಳಗೆ ಬಂದು ಮೈ ಕೊಡವಿತು. ಹಳೆಯ ಗೋಣಿಚೀಲ, ಹುಳಿ ಮಜ್ಜಿಗೆ, ಸ್ವಲ್ಪ ಮಣ್ಣು... ಆ ವಾಸನೆ ಮೇಲೆ ಬಂತು. "ಅಯ್ಯೋ ಅಜ್ಜಿ, ಕಾಲು ಮೇಲೆ ತೆಗೀರಿ" ಎಂದು ಅವಳು ಬಟ್ಟೆ ತರಲು ಓಡಿದಳು. ನಾನು ಕಾಲು ತೆಗೆಯಲಿಲ್ಲ. ಆ ಹೊತ್ತಿಗೆ ನನ್ನ ಕಾಲ ಬುಡದಲ್ಲಿ ಇದ್ದದ್ದು ಆ ಮರಿಯಲ್ಲ, ಆರು ವರ್ಷದ ಹಿಂದಿನ ಚೆಕಿಂಗ್.

ಈ ಮೊಬೈಲಿನಲ್ಲಿ ಕನ್ನಡ ಒತ್ತಲು ಕಲಿಸಿದವಳೂ ಅವಳೇ. ಎರಡು ತಿಂಗಳಾಯಿತು. ನಾನು ನವರಂಗ ಎಂದು ಒತ್ತಿದರೆ ಇದು ನವರಾತ್ರಿ ಎನ್ನುತ್ತದೆ. ನವರಾತ್ರಿಗೆ ಇನ್ನೂ ತುಂಬಾ ದಿನ ಉಂಟು ಮಾರಾಯ ಎಂದು ಬುದ್ಧಿ ಹೇಳಿ ಅಳಿಸಿ ಮತ್ತೆ ಒತ್ತುತ್ತೇನೆ. ಆದರೂ ಬರೆಯುತ್ತೇನೆ. ಒಂದು ವಿಷಯ ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಬೇಕಿತ್ತು, ಆರು ವರ್ಷ ಹೇಳಲಿಲ್ಲ. ಬೆರಳಿನಲ್ಲಾದರೂ ಬರುತ್ತದೋ ನೋಡೋಣ.

ಚೆಕಿಂಗ್ ಎಂದರೆ ನಾಯಿಯ ಹೆಸರು. ಇಟ್ಟವರು ನಮ್ಮ ಪಕ್ಕದ ಮನೆಯ ಕಂಡಕ್ಟ್ರು. ಮನೆಗೆ ಯಾರೇ ಬರಲಿ, ಅದು ಬೊಗಳುತ್ತಿರಲಿಲ್ಲ. ಎದ್ದು, ಗಂಭೀರವಾಗಿ ಒಬ್ಬೊಬ್ಬರನ್ನೇ ಮೂಸಿ, ಸರಿ ಉಂಟು ಎಂಬಂತೆ ಹಿಂದೆ ಸರಿಯುತ್ತಿತ್ತು. "ಚೆಕಿಂಗ್ ಬಂತು, ಎಲ್ಲರೂ ಟಿಕೆಟ್ ಕೈಯಲ್ಲಿ ಹಿಡ್ಕೊಳ್ಳಿ" ಎಂದು ಕಂಡಕ್ಟ್ರು ಜಗಲಿಯಿಂದ ಕೂಗುತ್ತಿದ್ದರು. ಮರಿಯಾಗಿದ್ದಾಗ ಅದಕ್ಕೆ ಬೇರೇನೋ ಹೆಸರಿತ್ತು. ಅದು ಯಾರಿಗೂ ನೆನಪಿರಲಿಲ್ಲ, ನಾಯಿಗೂ.

ಆಗ ನಾನು ಇದ್ದದ್ದು ಬಜಗೋಳಿಯಲ್ಲಿ, ಕುದುರೆಮುಖದ ಕಡೆಗೆ ಹೋಗುವ ರಸ್ತೆಯ ಬದಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಬೆಕ್ಕಿನ ಕೂಗು, ಕಾಗೆಯ ಕೂಗು, ರೈಲಿನ ಕೂಗು ಮಾಡಿ ತೋರಿಸುತ್ತ ವರ್ಷಗಳನ್ನು ಕಳೆದು ನಿವೃತ್ತಳಾಗಿದ್ದೆ. ಊರಿಗೆಲ್ಲ ನಾನು ಟೀಚರ್. ಪಕ್ಕದ ಮನೆಯವರು ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಊರಿಗೆಲ್ಲ ಕಂಡಕ್ಟ್ರು. ಅವರ ಹೆಂಡತಿಯನ್ನು ನಾನು ಬಾಯಮ್ಮ ಎನ್ನುತ್ತಿದ್ದೆ. ಕೊಂಕಣಿ ಮಾತನಾಡುವ ಕ್ರೈಸ್ತರ ಮನೆಯ ಹೆಂಗಸರನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಅವರು ಮನೆಯೊಳಗೆ ಕೊಂಕಣಿ, ಬೇಲಿಯ ಹತ್ತಿರ ಬಂದರೆ ನನ್ನ ಜೊತೆ ತುಳು. ಬರೆಯುವಾಗ ಎಲ್ಲವೂ ಕನ್ನಡವಾಗುತ್ತದೆ, ಏನು ಮಾಡುವುದು.

ನಮ್ಮ ಜಿಲ್ಲೆಯ ಬಸ್ಸುಗಳು ಹೇಗೆ ಓಡುತ್ತವೆ ಎಂದು ಹತ್ತಿದವರಿಗೆ ಗೊತ್ತು, ಎದುರಿನಿಂದ ಬಂದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಇಂಜಿನ್ನಿನ ಗುಡುಗು, ತಿರುವು ತಿರುವಿಗೂ ಹಾರನ್ನು, ಅದರ ಮೇಲೆ ತನ್ನದೇ ಬಾಯಲ್ಲಿ ತನ್ನದೇ ವಿಸಿಲ್. ಇಷ್ಟನ್ನೂ ಜೀವಮಾನವಿಡೀ ಕಿವಿಗೆ ಸುರಿದುಕೊಂಡ ಮನುಷ್ಯ ನಿವೃತ್ತಿಯ ಮೇಲೆ ಸದ್ದಿಲ್ಲದ ಕಡೆ ಕೂರಬೇಕಿತ್ತು. ಅವರು ಹಕ್ಕಿಗಳ ಸದ್ದನ್ನು ಹುಡುಕಿಕೊಂಡು ಕಾಡಿಗೆ ಹೊರಟರು.

ನಾನು ಜೊತೆಗೂಡಿದ್ದು ಹಕ್ಕಿಗಾಗಿ ಅಲ್ಲ, ಸಕ್ಕರೆಗಾಗಿ. ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯಿರಿ ಎಂದಿದ್ದರು ಡಾಕ್ಟ್ರು. ನಮ್ಮ ಯಜಮಾನರು ಹೋಗಿ ಕೆಲವು ವರ್ಷವಾಗಿತ್ತು. ವಿಧವೆ ಹೆಂಗಸು ಪಕ್ಕದ ಮನೆಯ ಗಂಡಸಿನ ಜೊತೆ ಬೆಳಕು ಹರಿಯುತ್ತಲೇ ಕಾಡಿಗೆ ಹೋಗುತ್ತಾಳೆ ಎಂದು ಊರಿನವರು ಮಾತಾಡಿಕೊಳ್ಳುತ್ತಾರೇನೋ ಎಂದು ಕಾದೆ. ಯಾರೂ ಮಾತಾಡಲಿಲ್ಲ. ಅದೊಂದು ಅವಮಾನ ನನಗೆ ಇನ್ನೂ ಹೋಗಿಲ್ಲ. ಬಾಯಮ್ಮ ಅಂತೂ ಇಬ್ಬರಿಗೂ ಸಾಲುವಷ್ಟು ಕಾಫಿ ಫ್ಲಾಸ್ಕಿಗೆ ಹಾಕಿ ಕೊಡುತ್ತಿದ್ದರು.

ನಮ್ಮ ದಾರಿಯನ್ನು ಕಂಡಕ್ಟ್ರು ಸ್ಟೇಜು ಸ್ಟೇಜು ಮಾಡಿದ್ದರು. ಕೆಂಪುಕಲ್ಲು ಕಡಿದು ಬಿಟ್ಟುಹೋದ ಕೋರೆ ಒಂದನೆಯ ಸ್ಟೇಜು. ನಾಗಬನ ಎರಡನೆಯದು, ಅಲ್ಲಿ ಅವರು ಟೋಪಿ ತೆಗೆಯುತ್ತಿದ್ದರು. ಹೆಬ್ಬಲಸಿನ ದೊಡ್ಡ ಮರ ಮೂರು. ನೀರು ಬತ್ತಿ ಬರೀ ಕಲ್ಲು ಉಳಿದಿದ್ದ ತೋಡು ನಾಲ್ಕು, ಲಾಸ್ಟ್ ಸ್ಟಾಪ್. ಹಕ್ಕಿಗಳೆಲ್ಲ ಪ್ಯಾಸೆಂಜರುಗಳು. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊತ್ತ ಮಂಗಟ್ಟೆಯ ಜೋಡಿ ರೆಕ್ಕೆಯ ಸದ್ದು ಮಾಡುತ್ತ ಹೆಬ್ಬಲಸಿನ ಹಣ್ಣಿಗೆ ಬಂದರೆ, "ತಲೆ ಮೇಲೆ ಲಗೇಜು ಇಟ್ಟವರು ಹಿಂದಿನ ಬಾಗಿಲಿಂದ ಬನ್ನಿ" ಎನ್ನುತ್ತಿದ್ದರು. ಕುಟ್ರು ಹಕ್ಕಿಗಳು ಬಿಡದೆ ಕೂಗಿದರೆ ಅವು ಫುಟ್‌ಬೋರ್ಡಿನ ಮೇಲಿನ ಕಾಲೇಜು ಹುಡುಗರು. ಉದ್ದ ಬಿಳಿ ಬಾಲದ ರಾಜಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರಿದರೆ, "ಅಕ್ಕ, ಸೀರೆ ಸೆರಗು ಬಾಗಿಲಿಗೆ ಸಿಕ್ಕೀತು, ಒಳಗೆ ತಗೊಳ್ಳಿ." ಅದು ಗಂಡು ಹಕ್ಕಿ ಎಂದು ಅವರೇ ನನಗೆ ಹೇಳಿಕೊಟ್ಟದ್ದು. ಆದರೂ ಅಕ್ಕ ಎನ್ನುವುದನ್ನು ಬಿಡಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಅವರು ಕಾಯುತ್ತಿದ್ದದ್ದು ನವರಂಗಕ್ಕೆ. ಚಳಿಗಾಲದಲ್ಲಿ ಎಲ್ಲಿಂದಲೋ ಬಂದು, ಮಳೆಗೆ ಮೊದಲು ಹೊರಟುಹೋಗುವ ಹಕ್ಕಿ. ಹಸಿರು, ನೀಲಿ, ಹೊಟ್ಟೆಯ ಬುಡದಲ್ಲಿ ಕೆಂಪು. ಇಷ್ಟು ಬಣ್ಣ ಇಟ್ಟುಕೊಂಡು ಕೋಳಿಯಂತೆ ನೆಲದ ತರಗೆಲೆ ಕೆದಕುತ್ತದೆ. ಅದರ ಕೂಗು ಎರಡು ಸ್ವರ. ಒಂದು ಮೇಲೆ, ಒಂದು ಕೆಳಗೆ. ಕಂಡಕ್ಟ್ರು ಅದನ್ನು ಡಬಲ್ ವಿಸಿಲ್ ಎನ್ನುತ್ತಿದ್ದರು. ಬಸ್ಸಿನಲ್ಲಿ ಒಂದು ವಿಸಿಲ್ ಎಂದರೆ ನಿಲ್ಲಿಸು. ಎರಡು ವಿಸಿಲ್ ಎಂದರೆ ರೈಟ್, ಹೊರಡು. "ಇಡೀ ಕಾಡಿನಲ್ಲಿ ಕೆಲಸ ಗೊತ್ತಿರುವ ಕಂಡಕ್ಟರ್ ಅದೊಂದೇ ಟೀಚರೇ" ಎನ್ನುತ್ತಿದ್ದರು.

ಒಂದು ಹಳೆಯ ಡೈರಿ ಇತ್ತು. ಕೇಳಿದ ಹಕ್ಕಿಯನ್ನು ಸ್ಟೇಜಿನ ಎದುರು ಬರೆಯುತ್ತಿದ್ದರು. ಒಮ್ಮೆ ಕೇಳಿದರೆ ಬರೆಯುವ ಹಾಗಿಲ್ಲ, ಎರಡು ಸಲ ಕೇಳಬೇಕು. ಏಕೆಂದರೆ ನಮ್ಮ ಕಾಡಿನಲ್ಲಿ ಭೀಮರಾಜ ಇದ್ದಾನೆ, ಬಾಲದ ತುದಿಗೆ ಎರಡು ಗರಿ ನೇತುಹಾಕಿಕೊಂಡ ಕರಿಹಕ್ಕಿ. ಅವನು ಬೇರೆ ಹಕ್ಕಿಗಳ ಸ್ವರ ಕದ್ದು ಕೂಗುತ್ತಾನೆ. ಬೆಕ್ಕಿನ ಹಾಗೆಯೂ ಕೂಗಿ ಚೆಕಿಂಗನ್ನು ಓಡಿಸಿದ್ದ. "ಅವನು ಪಾಸ್ ತೋರಿಸುವವ, ಪಾಸು ಯಾರದ್ದೋ" ಎಂದು ಕಂಡಕ್ಟ್ರು ಅವನನ್ನು ನಂಬುತ್ತಿರಲಿಲ್ಲ.

ಡೈರಿಯನ್ನು ಮುಚ್ಚುವುದು ಪತ್ತನಾಜೆಯ ದಿನ. ತುಳು ತಿಂಗಳು ಬೇಶದ ಹತ್ತನೆಯ ದಿನ, ಬೇಸಗೆಯ ಬಾಲ. ಅಂದು ಯಕ್ಷಗಾನದ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ, ಇನ್ನು ಮಳೆಯ ಕೆಲಸ. ಇಗರ್ಜಿಗೆ ಹೋಗುವ ಕಂಡಕ್ಟ್ರಿಗೂ ಪತ್ತನಾಜೆ ಎಂದರೆ ಪತ್ತನಾಜೆಯೇ. "ನಮ್ಮದೂ ಮೇಳವೇ ಅಲ್ವಾ. ನಾನು ಭಾಗವತ, ನೀವು ಹಾಸ್ಯಗಾರ, ಚೆಕಿಂಗ್ ಬಣ್ಣದ ವೇಷ." ಆಮೇಲೆ ಮಳೆ ಮುಗಿಯುವ ತನಕ ಕಾಡಿಗೆ ಹೋಗುವುದಿಲ್ಲ. ಜಿಗಣೆಗಳಿಗೂ ಒಂದು ಸೀಸನ್ ಬೇಕಲ್ಲ.

ಆ ಕೊನೆಯ ವರ್ಷ...

ಆ ವರ್ಷ ಬೇಸಗೆಯ ನಡುವಿನಲ್ಲಿ ನನಗೊಂದು ಸಂಗತಿ ಕಣ್ಣಿಗೆ ಬಿತ್ತು. ಕಂಡಕ್ಟ್ರು ಮರದ ಕಡೆ ನೋಡುವುದನ್ನು ಬಿಟ್ಟು ನಾಯಿಯ ಕಡೆ ನೋಡುತ್ತಿದ್ದರು. ಚೆಕಿಂಗಿನ ಕಿವಿ ಬಲಕ್ಕೆ ತಿರುಗಿದರೆ ಅವರೂ ನಿಂತು ಬಲಕ್ಕೆ ಕತ್ತು ತಿರುಗಿಸಿ, "ಕೇಳಿತಾ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು "ಮಡಿವಾಳ ಹಕ್ಕಿಯಾ?" ಎಂದರೆ, "ಹೌದು, ಮತ್ತೆಂತ" ಎನ್ನುತ್ತಿದ್ದರು. ಕುಟ್ರುವಿನ ದಪ್ಪ ಸ್ವರ, ಮಂಗಟ್ಟೆಯ ರೆಕ್ಕೆ, ಇವು ಕೇಳುತ್ತಿದ್ದವು. ಸಣ್ಣ ಸ್ವರಗಳು ಒಂದೊಂದಾಗಿ ಇಳಿದು ಹೋಗಿದ್ದವು. ನವರಂಗ ಏಪ್ರಿಲಿನಲ್ಲಿ ದಿನಾ ಬೆಳಿಗ್ಗೆ ಕೂಗುತ್ತಿತ್ತು, ನನಗೆ ಕೇಳುತ್ತಿತ್ತು, ನಾಯಿಗೆ ಕೇಳುತ್ತಿತ್ತು. ಡೈರಿಯಲ್ಲಿ ಅದರ ಎದುರು ಖಾಲಿ. ನಾಯಿಯ ಕಿವಿಯಿಂದ ಕೇಳಿದ್ದನ್ನು ಅವರು ಬರೆಯುತ್ತಿರಲಿಲ್ಲ. ಅದೊಂದು ನ್ಯಾಯ ಅವರಿಗಿತ್ತು.

"ಎಂತ ಕಂಡಕ್ಟ್ರೇ, ನಿಮ್ಮ ಕಿವಿಗೆ ನಾಯಿ ಇನ್‌ಚಾರ್ಜಾ?" ಎಂದು ನಾನು ಒಮ್ಮೆ ಕೇಳಿದೆ.

"ನಿಮ್ಮ ಬಾಯಿಗೆ ಯಾರು ಇನ್‌ಚಾರ್ಜು ಹೇಳಿ, ಆಮೇಲೆ ನನ್ನದು ನೋಡುವ."

ನಾನು ನಕ್ಕೆ, ಅವರು ನಗಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು.

ಬಾಯಮ್ಮನಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು. ಅವರದು ತುಂಬಾ ಸಣ್ಣ ಸ್ವರ, ಇಗರ್ಜಿಯ ಹಾಡಿನಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುವ ಸ್ವರ. ಅಡುಗೆಮನೆಯಿಂದ ಗಂಡನನ್ನು ಕರೆಯುತ್ತಿದ್ದರು, ಒಮ್ಮೆ, ಇನ್ನೊಮ್ಮೆ, ಮೂರನೆಯ ಸಲ. ಬೇಲಿಯ ಈಚೆ ನನಗೆ ಕೇಳುತ್ತಿತ್ತು. ಹತ್ತು ಅಡಿ ದೂರದ ಜಗಲಿಯಲ್ಲಿ ಕೂತವರಿಗೆ ಕೇಳುತ್ತಿರಲಿಲ್ಲ. ಕೊನೆಗೆ ಅವರೇ ಲೋಟ ತಂದು ಬೆಂಚಿನ ಮೇಲೆ ಕುಟ್ಟಿ ಇಡುತ್ತಿದ್ದರು. "ಹಕ್ಕಿ ಕೂಗಿದ್ದು ಕೇಳದಿದ್ದರೆ ಬೇಡ ಟೀಚರೇ, ನಾನು ಕರೆದದ್ದು ಕೇಳಿದರೆ ಸಾಕು" ಎಂದು ಒಂದು ದಿನ ನನಗೆ ಹೇಳಿದ್ದರು. ಮಣಿಪಾಲಕ್ಕೆ ಹೋಗಿ ಕಿವಿ ತೋರಿಸಿ ಮೆಷಿನ್ ಹಾಕಿಸಿಕೊಳ್ಳಿ ಎಂದು ಅವರು ಹೇಳುವುದು, ಕಿವಿಗೆ ಮೆಷಿನ್ ಸಿಕ್ಕಿಸಿಕೊಂಡು ಕಾಡಿಗೆ ಹೋದರೆ ಹಕ್ಕಿ ನಗುತ್ತದೆ ಎಂದು ಇವರು ಹೇಳುವುದು. ಇದು ನಡೆದೇ ಇತ್ತು.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಅವರಿಬ್ಬರೂ ಆ ಬೇಸಗೆ ಒಂದು ಮಾತಿಗೆ ಬಂದಿದ್ದರು. ಪತ್ತನಾಜೆಯ ಒಳಗೆ ನವರಂಗದ ಕೂಗು ಅವರ ಸ್ವಂತ ಕಿವಿಗೆ ಕೇಳಿದರೆ ಮೆಷಿನ್ ಬೇಡ. ಕೇಳದಿದ್ದರೆ ಮರುದಿನವೇ ಮಣಿಪಾಲ, ಚರ್ಚೆ ಇಲ್ಲ.

ಪತ್ತನಾಜೆ ಬಂತು. ಬೆಳಿಗ್ಗೆ ಆರಕ್ಕೆ ಹೊರಟೆವು. ಮೋಡ ಇತ್ತು, ಗಾಳಿ ಇರಲಿಲ್ಲ. ಜೀರುಂಡೆಗಳು ಇನ್ನೂ ಶುರುಮಾಡಿರಲಿಲ್ಲ. ಹೆಬ್ಬಲಸಿನ ಹಣ್ಣು ಬಿದ್ದು ಕೊಳೆತು ಕಾಡೆಲ್ಲ ಹುಳಿ ಹುಳಿ ವಾಸನೆ. ಮಂಗಟ್ಟೆ ಬಂದರೂ ಕಂಡಕ್ಟ್ರು ಲಗೇಜಿನ ಮಾತೆತ್ತಲಿಲ್ಲ. ನವರಂಗ ಕೂಗುವುದನ್ನು ನಿಲ್ಲಿಸಿ ಹತ್ತು ದಿನವಾಗಿತ್ತು, ಹೊರಟುಹೋಗಿತ್ತು. ಅದು ನನಗೆ ಗೊತ್ತಿತ್ತು. ಕೇಳದವರಿಗೆ ನಿಂತದ್ದು ಹೇಗೆ ಗೊತ್ತಾಗಬೇಕು?

ಮೂರನೆಯ ಸ್ಟೇಜಿನಲ್ಲಿ ಅವರು ಹೆಬ್ಬಲಸಿನ ಮರಕ್ಕೆ ಕೈ ಊರಿ, ನಮಗೆ ಬೆನ್ನು ಹಾಕಿ ನಿಂತರು. ನಾನು ಹತ್ತು ಹೆಜ್ಜೆ ಹಿಂದೆ, ಸೀರೆಗೆ ಅಂಟಿದ ಮುಳ್ಳುಕಾಯಿ ಕೀಳುತ್ತಿದ್ದೆ. ಚೆಕಿಂಗ್ ನನ್ನ ಬಳಿ ಕೂತಿತ್ತು. ಅವರು ಎಷ್ಟು ಹೊತ್ತಾದರೂ ಅಲುಗಾಡಲಿಲ್ಲ. ತಲೆಯನ್ನು ಸ್ವಲ್ಪ ಓರೆ ಮಾಡಿ, ಬಸ್ಸು ತಪ್ಪಿದವರ ಹಾಗೆ...

ನನಗೆ ವಿಸಿಲ್ ಹಾಕಲು ಬರುತ್ತದೆ. ಹೆಣ್ಣುಮಕ್ಕಳು ಹಾಕಬಾರದು ಎಂದು ಸಣ್ಣವಳಿದ್ದಾಗ ಹೊಡೆದಿದ್ದರು, ಅದಕ್ಕೇ ಚೆನ್ನಾಗಿ ಕಲಿತಿದ್ದೆ. ತುಟಿ ಒಟ್ಟು ಮಾಡಿ, ಹಕ್ಕಿಯದಕ್ಕಿಂತ ಸ್ವಲ್ಪ ದಪ್ಪ ಸ್ವರದಲ್ಲಿ ಊದಿದೆ. ಒಂದು ಮೇಲೆ, ಒಂದು ಕೆಳಗೆ. ಯಾಕೆ ಊದಿದೆ ಎಂದು ನನ್ನನ್ನು ಕೇಳಬೇಡಿ. ಕುಚೋದ್ಯ ಎಂದರೆ ಕುಚೋದ್ಯ, ಪಾಪ ಎನಿಸಿತು ಎಂದರೆ ಅದೂ ಹೌದು. ಎರಡೂ ಒಟ್ಟಿಗೆ ಇರಲು ಸಾಧ್ಯ, ನನ್ನಲ್ಲಿ ಯಾವಾಗಲೂ ಹಾಗೆಯೇ.

ನಾಯಿ ತಟ್ಟನೆ ತಿರುಗಿ ನನ್ನ ಬಾಯಿಯನ್ನು ನೋಡಿತು. ನಾನು ಅದಕ್ಕೆ ಕಣ್ಣು ಬಿಟ್ಟೆ. ಕಂಡಕ್ಟ್ರ ಕೈ ಮರದ ಮೇಲೆ ಬಿಗಿಯಾಯಿತು. ಅವರು ತಿರುಗಲಿಲ್ಲ. ಎರಡನೆಯ ಸಲ ಕೇಳಬೇಕಲ್ಲ, ಇಲ್ಲದಿದ್ದರೆ ಬರೆಯುವ ಹಾಗಿಲ್ಲ. ಎರಡನೆಯ ಸಲ ಊದಿದೆ.

"ಡಬಲ್ ವಿಸಿಲ್" ಎಂದರು, ಮರದ ಹತ್ತಿರ. ಆಮೇಲೆ ತಿರುಗಿ, ಗಟ್ಟಿಯಾಗಿ, "ಡಬಲ್ ವಿಸಿಲ್ ಟೀಚರೇ! ಉಂಟು, ಇನ್ನೂ ಉಂಟು!"

ಅವರ ಮುಖ ನೋಡಿ ನಾನು ಮತ್ತೆ ಮುಳ್ಳುಕಾಯಿ ಕೀಳಲು ಬಗ್ಗಿದೆ. ಡೈರಿ ತೆಗೆದು ಬರೆದರು. ಅಕ್ಷರ ಸೊಟ್ಟ ಹೋಯಿತು. ನಾಲ್ಕನೆಯ ಸ್ಟೇಜಿಗೆ ಹೋಗಲೇ ಇಲ್ಲ, ಅಲ್ಲಿಂದಲೇ ತಿರುಗಿದೆವು. ಮನೆ ಮುಟ್ಟುವ ಮೊದಲು ಹೇಳಿಬಿಡುತ್ತೇನೆ, ಕೋರೆ ದಾಟಿದ ಕೂಡಲೇ ಹೇಳುತ್ತೇನೆ ಎಂದುಕೊಂಡೆ. ಅವರು ಎಷ್ಟು ಬೇಗ ನಡೆಯುತ್ತಿದ್ದರೆಂದರೆ ನನಗೆ ಹೇಳಲು ಉಸಿರೇ ಉಳಿಯಲಿಲ್ಲ. ಇದು ನೆಪ ಎಂದು ನನಗೂ ಗೊತ್ತು.

ಗೇಟಿನಲ್ಲಿ ಬಾಯಮ್ಮ ನಿಂತಿದ್ದರು.

"ಮಣಿಪಾಲ ಕ್ಯಾನ್ಸಲ್!" ಎಂದರು ಕಂಡಕ್ಟ್ರು, ರಸ್ತೆಯಿಂದಲೇ. "ಕೇಳಿತು. ಮೂರನೇ ಸ್ಟೇಜಿನಲ್ಲಿ. ಒಂದಲ್ಲ, ಎರಡು ಸಲ. ಮಾತು ಅಂದರೆ ಮಾತು."

ಅವರಿಬ್ಬರ ನಡುವೆ ಇದ್ದ ಕರಾರು ನನಗೆ ತಿಳಿದದ್ದು ಆ ನಿಮಿಷದಲ್ಲಿ. ಬಾಯಮ್ಮ ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಹೌದಾ ಟೀಚರೇ? ನಿಮಗೂ ಕೇಳಿತಾ?"

ಕಂಡಕ್ಟ್ರು ನನ್ನ ಪಕ್ಕದಲ್ಲೇ ಇದ್ದರು, ಡೈರಿಯನ್ನು ಎದೆಗೆ ಹಿಡಿದುಕೊಂಡು.

"ಕೇಳಿತು ಬಾಯಮ್ಮ" ಎಂದೆ. "ಎರಡು ಸಲ."

"ಹಾಗಾದರೆ ಸರಿ" ಎಂದು ಅವರು ಒಳಗೆ ಹೋದರು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ನೋಡಿ. ನನಗೆ ನಿಜವಾಗಿಯೂ ಎರಡು ಸಲ ಕೇಳಿತ್ತು. ಸುಳ್ಳನ್ನು ಅಷ್ಟು ಚೊಕ್ಕವಾಗಿ ನಾನು ಮತ್ತೆಂದೂ ಹೇಳಿಲ್ಲ.

ಮಳೆ ಹಿಡಿಯಿತು. ನಡಿಗೆ ನಿಂತಿತು. ನಾಳೆ ಹೇಳುತ್ತೇನೆ, ಭಾನುವಾರ ಹೇಳುತ್ತೇನೆ ಎಂದು ದಿನ ಹೋಯಿತು. ಆ ಮಳೆಗಾಲ ಕಂಡಕ್ಟ್ರು ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಡೈರಿ ತೋರಿಸಿದರು. ಬಾಯಮ್ಮ ಒಳಗಿನಿಂದ ಮೂರು ಮೂರು ಸಲ ಕರೆದರು, ಲೋಟ ಕುಟ್ಟಿ ಇಟ್ಟರು. ಬೇಲಿಯ ಈಚೆ ನನಗೆ ಎಲ್ಲವೂ ಕೇಳುತ್ತಿತ್ತು.

ತುಳು ತಿಂಗಳು ಆಟಿ ಮುಗಿದು, ಆಗಸ್ಟಿನ ನಡುವಿಗೆ, ಸೋಣ ಶುರುವಾಗಿತ್ತು. ಒಂದು ಬೆಳಿಗ್ಗೆ ಮಳೆ ಬಿಟ್ಟಿತ್ತು. ನಾನು ಅಂಗಳದಲ್ಲಿ ಬಗ್ಗಿ ಒಂದೆಲಗದ ಸೊಪ್ಪು ಕೊಯ್ಯುತ್ತಿದ್ದೆ. ಕಂಡಕ್ಟ್ರು ಕ್ಯಾನು ಹಿಡಿದುಕೊಂಡು ಹಾಲಿಗೆ ಹೊರಟರು. ಹಿಂದೆ ಚೆಕಿಂಗ್. ಹಾಲಿನ ಡೈರಿ ರಸ್ತೆಯ ಆಚೆ ಬದಿ. ಕಲ್ಲಿನ ಟಿಪ್ಪರ್ ಲಾರಿ ತಿರುವಿನಿಂದ ಬಂತು. ಅದರ ಕೀರಲು ಹಾರನ್ ನನಗೆ ಕೇಳಿತು. ಚೆಕಿಂಗ್ ರಸ್ತೆಯ ಈಚೆಯೇ ನಿಂತುಬಿಟ್ಟಿತು. ಬಾಯಮ್ಮ ಗೇಟಿನಿಂದ ಕರೆದರು, ಒಮ್ಮೆ, ಇನ್ನೊಮ್ಮೆ. ನಾನು ಸೊಪ್ಪು ಹಿಡಿದುಕೊಂಡೇ ನೆಟ್ಟಗಾದೆ. ಕಂಡಕ್ಟ್ರು ನಡು ರಸ್ತೆಯಲ್ಲಿ ನಿಂತು ತಿರುಗಿ, ಇದು ಯಾಕೆ ಬರುವುದಿಲ್ಲ ಎಂದು ನಾಯಿಯನ್ನು ನೋಡಿದರು. ಬಾ, ಎಂದು ಕೈ ಮಾಡಿದರು.

ಅಷ್ಟೇ.

ಲಾರಿಯ ಡ್ರೈವರ್ ರಸ್ತೆಯ ಮೇಲೆಯೇ ಕೂತು ಅತ್ತ. ನಾನು ಹಾರನ್ ಹಾಕಿದ್ದೆ, ಹಾಕಿದ್ದೆ ಎಂದು ಎಲ್ಲರಿಗೂ ಹೇಳಿದ. ಹಾಕಿದ್ದು ನಿಜ. ರಸ್ತೆ ಒದ್ದೆ ಇತ್ತು, ಬ್ರೇಕು ಹಿಡಿಯಲಿಲ್ಲ ಎಂದರು ಕೆಲವರು. ಕಿವಿ ಸರಿ ಇದ್ದರೂ ಅಷ್ಟು ಹೊತ್ತಿಗೆ ಏನೂ ಮಾಡಲಿಕ್ಕೆ ಆಗುತ್ತಿರಲಿಲ್ಲ ಎಂದರು ಇನ್ನು ಕೆಲವರು. ಇರಬಹುದು. ಮೆಷಿನ್ ಇದ್ದಿದ್ದರೆ ಹಾಲಿಗೆ ಹೋಗುವಾಗ ಅವರು ಅದನ್ನು ಹಾಕಿಕೊಳ್ಳುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು. ಹೀಗೆಲ್ಲ ಲೆಕ್ಕ ಹಾಕಿ ನೋಡಿದ್ದೇನೆ, ಆರು ವರ್ಷದಲ್ಲಿ ಹಾಕದ ಲೆಕ್ಕ ಇಲ್ಲ. ಎರಡು ವಿಸಿಲ್ ಎಂದರೆ ಹೊರಡಬಹುದು ಎಂದು ಅರ್ಥ. ರೈಟ್ ಕೊಟ್ಟವಳು ನಾನು.

ನನಗೆ ಅಳು ಬರಲಿಲ್ಲ. ಇಗರ್ಜಿಯಲ್ಲಿ ಎಲ್ಲರೂ ಅಳುತ್ತಿದ್ದರು, ನಾನು ತಲೆಯ ಮೇಲಿನ ಫ್ಯಾನು ನೋಡುತ್ತಿದ್ದೆ. ಒಂದು ರೆಕ್ಕೆ ಸ್ವಲ್ಪ ಬಗ್ಗಿತ್ತು, ಸುತ್ತುವಾಗ ಟಿಕ್ ಟಿಕ್ ಎನ್ನುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಅವರ ಮುಖ ಬರುವುದಿಲ್ಲ, ಆ ಫ್ಯಾನು ಬರುತ್ತದೆ. ಹಲ್ಲು ಕೀಳಿಸಲು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ಇದೆ, ಆದರೆ ನಮ್ಮದಲ್ಲ, ಹಾಗೆ. ನಗುತ್ತೇನೆ, ಜಗಳ ಮಾಡುತ್ತೇನೆ, ಮಗಳ ಸಾಂಬಾರಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತೇನೆ. ಎಲ್ಲ ಸರಿಯಾಗಿಯೇ ನಡೆಯುತ್ತದೆ. ವಿಸಿಲ್ ಮಾತ್ರ ಆಮೇಲೆ ಬರಲಿಲ್ಲ. ಹಾಕಬಾರದು ಎಂದು ಅಲ್ಲ. ಒಂದೆರಡು ಸಲ ನೋಡಿದೆ, ಬರೀ ಗಾಳಿ ಹೋಯಿತು.

ಚೆಕಿಂಗ್ ಆಮೇಲೆ ತುಂಬಾ ದಿನ ಬೆಳಿಗ್ಗೆ ಆರಕ್ಕೆ ನನ್ನ ಬಾಗಿಲಿಗೆ ಬರುತ್ತಿತ್ತು. ಬಂದು ನನ್ನ ಬಾಯಿ ನೋಡುತ್ತಿತ್ತು. ನಾನು ಬಾಗಿಲು ತೆರೆಯುವುದನ್ನೇ ಏಳು ಗಂಟೆಗೆ ಮಾಡಿದೆ. ಮರುವರ್ಷ ಮೊಣಕಾಲು ಮುಷ್ಕರ ಹೂಡಿತು, ಮಗಳು ಬಂದು ಕಾಪುವಿಗೆ ಕರೆದುಕೊಂಡು ಬಂದಳು. ಹೊರಡುವ ದಿನ ಬಾಯಮ್ಮ ಉಪ್ಪಿನಕಾಯಿಯ ಭರಣಿ ಕೊಟ್ಟರು. ಆಗಲೂ ಹೇಳಲಿಲ್ಲ.

ಇಷ್ಟು ಒತ್ತಲು ನನಗೆ ಹನ್ನೊಂದು ದಿನ ಹಿಡಿಯಿತು. ನಿನ್ನೆ ಬೆಳಿಗ್ಗೆ ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡು, ಮಗಳಿಗೆ ಉಡುಪಿಗೆ ಎಂದು ಹೇಳಿ, ಶಿರ್ವದ ಮೇಲೆ ಹೋಗುವ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆ. ಅಲ್ಲಿಂದ ಇನ್ನೊಂದು ಬಸ್ಸು ಬಜಗೋಳಿಗೆ. ಹೇಳುವುದು ಬೇಡ, ಮೊಬೈಲನ್ನು ಅವರ ಕೈಗೆ ಕೊಟ್ಟು ಓದಿ ಎನ್ನುತ್ತೇನೆ, ಅವರು ಓದುವಾಗ ಅಂಗಳದಲ್ಲಿ ನಿಂತಿರುತ್ತೇನೆ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದೆ.

ಬಾಯಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ತುಂಬಾ ಬಡವಾಗಿದ್ದರು. ಚೆಕಿಂಗ್ ಹೋಗಿ ಎರಡು ವರ್ಷವಾಯಿತಂತೆ, ಬಾವಿಯ ಹತ್ತಿರ ಹೂತರಂತೆ. ನನ್ನನ್ನು ಯಾರೂ ಮೂಸಲಿಲ್ಲ. ಕುಶಲ ಕೇಳಿ ಆದ ಮೇಲೆ ಮೊಬೈಲನ್ನು ಅವರ ಮುಂದೆ ಹಿಡಿದೆ.

"ಇದು ಎಂತದು?"

"ನಾನು ಬರೆದದ್ದು. ಓದಬೇಕು ನೀವು."

"ಕನ್ನಡಕ ಒಳಗೆ ಉಂಟು, ಎದ್ದು ಹೋಗುವವರು ಯಾರು ಮಾರಾಯ್ತಿ? ನೀವೇ ಓದಿ. ಮಕ್ಕಳಿಗೆ ಓದಿ ಹೇಳಿದವರಲ್ವಾ ನೀವು."

ಬಾಯಲ್ಲಿ ಹೇಳಬಾರದು ಎಂದು ಹನ್ನೊಂದು ದಿನ ಕೂತು ಒತ್ತಿದ್ದನ್ನು ಬಾಯಲ್ಲೇ ಓದಬೇಕಾಯಿತು. ಅಂಗನವಾಡಿಯ ಹಾಜರಿ ಓದಿದ ಹಾಗೆ ಓದಿದೆ, ಎಲ್ಲಿಯೂ ನಿಲ್ಲಿಸಲಿಲ್ಲ. ಊರಿನವರು ಮಾತಾಡಲಿಲ್ಲ ಎಂಬಲ್ಲಿ ಬಾಯಮ್ಮ ಒಮ್ಮೆ ನಕ್ಕರು. ಫ್ಲಾಸ್ಕು ಬಂದಾಗ, "ಕಾಫಿ ಅಲ್ಲ, ಚಾ. ಅವರು ಕಾಫಿ ಕುಡಿಯುತ್ತಿರಲಿಲ್ಲ, ತಿದ್ದಿ" ಎಂದರು. ಅಷ್ಟು ಮೇಲೆ ಹೋಗಿ ತಿದ್ದಲು ನನಗೆ ಬರುವುದಿಲ್ಲ, ನೀವೇ ಚಾ ಎಂದು ಓದಿಕೊಳ್ಳಿ. ಪತ್ತನಾಜೆ ಬಂದ ಮೇಲೆ ಅವರು ಬೀಜ ಸುಲಿಯುತ್ತಲೇ ಇದ್ದರು. ಮರ, ನಾಯಿ, ಗೇಟು, ಹಾಲಿನ ಕ್ಯಾನು... ಎಲ್ಲ ಓದಿದೆ. ಫ್ಯಾನಿನದ್ದೂ ಓದಿದೆ.

ಓದಿ ಮುಗಿದ ಮೇಲೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಎದುರಿನ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಜಗಲಿಯ ಬೆಂಚು ಅಲ್ಲೇ ಇತ್ತು, ಅದರ ಮೇಲೆ ಯಾರೂ ಕೂರುವುದಿಲ್ಲ ಎಂದು ಧೂಳು ನೋಡಿದರೆ ಗೊತ್ತಾಗುತ್ತಿತ್ತು. ಅವರಿಲ್ಲ. ಆರು ವರ್ಷದಿಂದ ಇಲ್ಲ. ಅದನ್ನು ಅಲ್ಲಿ ಕೂತಾಗ ನಾನು ಮೊದಲ ಸಲ ಸರಿಯಾಗಿ ನೋಡಿದೆ ಅನ್ನಿಸಿತು.

"ನನ್ನಿಂದ ಆದದ್ದು ಬಾಯಮ್ಮ" ಎಂದೆ. "ಆ ದಿನ ನಾನು ಊದದಿದ್ದರೆ ಅವರು ಮಣಿಪಾಲಕ್ಕೆ ಹೋಗುತ್ತಿದ್ದರು. ನನ್ನನ್ನು ಬೈಯಿರಿ, ಬೈಯಿರಿ ಎಂದೇ ಬಂದದ್ದು."

ಬಾಯಮ್ಮ ಚಾಕು ಕೆಳಗಿಟ್ಟರು. ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಆ ಸಣ್ಣ ಸ್ವರದಲ್ಲಿ, ನನ್ನ ಮುಖವನ್ನೇ ನೋಡುತ್ತ, ಒಂದೇ ಮಾತು ಹೇಳಿದರು.

"ಗೇಟಿನಿಂದ ನಾನು ಎರಡು ಸಲ ಕರೆದೆ, ಕೇಳಲಿಲ್ಲ ಅವರಿಗೆ. ನೀವು ಎರಡು ಸಲ ಊದಿದಿರಿ, ಕೇಳಿತು. ಅದನ್ನು ನನಗೆ ಹೇಳಲಿಕ್ಕೆ ಎರಡು ಬಸ್ಸು ಹತ್ತಿ ಬಂದದ್ದಾ ಟೀಚರೇ ನೀವು?"